ಚಳಿಗಾಲದ ಇಸಬು: ಮೊದಲು ಜಿಡ್ಡು, ಆಮೇಲೆ ಔಷಧ

ಕಳೆದ ಪುಷ್ಯ ಮಾಸದಲ್ಲಿ ಎಪ್ಪತ್ತರ ಸಮೀಪದ ರೈತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಧೋತರವನ್ನು ಮೊಣಕಾಲಿನವರೆಗೆ ಸರಿಸಿ ಕಾಲುಗಳನ್ನು ತೋರಿಸಿದರು. ನೀರಿಲ್ಲದೆ ಬಿರಿದ ಎರೆಹೊಲದಂತೆ ಚರ್ಮವು ಸೀಳಿತ್ತು. ಅಲ್ಲಲ್ಲಿ ರಕ್ತ ಒಸರುತ್ತಿತ್ತು. ತುರಿಕೆಯಿಂದ ರಾತ್ರಿ ನಿದ್ರೆಯಿಲ್ಲವೆಂದರು. ಏನೇನು ಉಪಚಾರ ಮಾಡಿಕೊಂಡಿರಿ ಎಂದು ಕೇಳಿದೆವು. ಹಂಡೆಯ ಸುಡುನೀರು ಸುರಿದುಕೊಂಡರೆ ತುರಿಕೆ ತಣಿಯುತ್ತದೆಂದು ದಿನಕ್ಕೆರಡು ಬಾರಿ ಹಾಗೆ ಮಾಡುತ್ತಿದ್ದರು. ಸಾಬೂನು ಹಚ್ಚಿ ಉಜ್ಜುತ್ತಿದ್ದರು. ಬೇವಿನ ಎಲೆ, ಅರಿಶಿನ ಅರೆದು ಬಳಿದುಕೊಂಡು ಅದು ಒಣಗಿ ಉದುರುವವರೆಗೆ ಬಿಸಿಲಿನಲ್ಲಿ ಕೂಡುತ್ತಿದ್ದರು. ಗುಣ ಕಾಣದಿದ್ದಾಗ ಔಷಧದ ಅಂಗಡಿಯಿಂದ ಒಂದು ಟ್ಯೂಬು ತಂದಿದ್ದರು. ಇಷ್ಟೆಲ್ಲ ಮಾಡಿದವರು ಮಾಡದೆ ಉಳಿದದ್ದು ಒಂದೇ, ಕಾಲಿಗೆ ಎಣ್ಣೆ ಹಚ್ಚುವುದು. ಕಾರಣ ಕೇಳಿದರೆ, "ಗಾಯಕ್ಕ ಎಣ್ಣಿ ಹಚ್ಚಿದ್ರ ಕೀವ ಆಕ್ಕೈತಿ ಅಂತಾರಲ್ರೀ" ಎಂದರು.

ಆ ಹಿರಿಯರನ್ನು ದೂರಲು ನಮಗೆ ಮನಸ್ಸಾಗಲಿಲ್ಲ. ಚರ್ಮರೋಗವೆಂದರೆ ಒಣಗಿಸಬೇಕು, ಕಹಿಯನ್ನು ಹಚ್ಚಬೇಕು ಎಂಬ ತಿಳಿವಳಿಕೆಯನ್ನು ಜನರಲ್ಲಿ ಬೇರೂರಿಸಿದವರಲ್ಲಿ ವೈದ್ಯರಾದ ನಾವೂ ಇದ್ದೇವೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಇಂತಹ ಒಣಗಿದ ಕಾಲುಗಳಿಗೆ ನಾವು ಕಹಿ ಲೇಪಗಳನ್ನೇ ಬರೆದುಕೊಟ್ಟಿದ್ದೇವೆ. ಅನೇಕರು ಮರಳಿ ಬರಲಿಲ್ಲ, ಗುಣವಾಗಿರಬೇಕೆಂದು ಭಾವಿಸಿದೆವು. ಒಬ್ಬ ತಾಯಿ ಮಾತ್ರ ತಮ್ಮ ಕೂಸನ್ನು ಮತ್ತೆ ಕರೆತಂದು, ಲೇಪ ಹಚ್ಚಿದ ಮೇಲೆ ಮೊಣಕಾಲಿನ ಹಿಂದಿನ ಬಿರುಕುಗಳು ಹೆಚ್ಚಾದುದನ್ನು ತೋರಿಸಿದರು. ಅಂದು ನಾವು ಶಾಸ್ತ್ರವನ್ನು ಮತ್ತೊಮ್ಮೆ ತೆರೆದು ಓದಬೇಕಾಯಿತು.

ಇಸಬು ಅಥವಾ ಎಕ್ಜಿಮಾ ಎಂದು ಕರೆಯುವ ಈ ರೋಗಕ್ಕೆ ಹತ್ತಿರವಾದ ವರ್ಣನೆ ಆಯುರ್ವೇದದಲ್ಲಿ ವಿಚರ್ಚಿಕೆ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಚರಕ ಸಂಹಿತೆಯು ಇದನ್ನು ಕ್ಷುದ್ರ ಕುಷ್ಠಗಳಲ್ಲಿ ಎಣಿಸುತ್ತದೆ. ಇಲ್ಲಿ ಕುಷ್ಠವೆಂಬ ಪದಕ್ಕೆ ಚರ್ಮವ್ಯಾಧಿ ಎಂಬ ವಿಶಾಲ ಅರ್ಥವಿದೆ, ಭಕ್ತರು ಅಂಜಬೇಕಾಗಿಲ್ಲ. ಚರಕರು ಹೇಳುವುದು ತುರಿಸುವ, ಬಹಳವಾಗಿ ಒಸರುವ ಗುಳ್ಳೆಗಳನ್ನು. ಸುಶ್ರುತ ಸಂಹಿತೆಯಾದರೋ ಅದೇ ಹೆಸರಿನಡಿ ರೂಕ್ಷವಾದ, ಗೆರೆಗೆರೆಯಾದ, ತುರಿಕೆ ಮತ್ತು ನೋವುಳ್ಳ ಚರ್ಮವನ್ನು ವರ್ಣಿಸುತ್ತದೆ. ಈ ಎರಡು ವರ್ಣನೆಗಳನ್ನು ಒಂದೇ ರೋಗದ ಎರಡು ಅವಸ್ಥೆಗಳೆಂದು ಓದಿಕೊಂಡರೆ ಚಿಕಿತ್ಸೆಯ ದಾರಿ ತಿಳಿಯಾಗುತ್ತದೆ. ಒಸರುವ ಅವಸ್ಥೆಗೆ ಸಲ್ಲುವ ಉಪಚಾರವು ಒಣಗಿ ಬಿರಿದ ಅವಸ್ಥೆಗೆ ಸಲ್ಲದು. ಚಳಿಗಾಲದಲ್ಲಿ ನಮ್ಮೆದುರಿಗೆ ಬರುವುದು ಬಹುಪಾಲು ಎರಡನೆಯದು. ಈ ಋತುವಿಗೆ ಎಣ್ಣೆಯ ಅಭ್ಯಂಗವನ್ನು ಅಷ್ಟಾಂಗಹೃದಯದ ಋತುಚರ್ಯೆಯ ಅಧ್ಯಾಯವು ವಿಧಿಸಿರುವುದು ಸುಮ್ಮನೆ ಅಲ್ಲ.

ಆಧುನಿಕ ವೈದ್ಯವಿಜ್ಞಾನವೂ ಇದಕ್ಕೆ ವಿರುದ್ಧವಾದುದನ್ನು ಹೇಳುತ್ತಿಲ್ಲ. ಚರ್ಮದ ಹೊರಪದರವು ಒಂದು ಗೋಡೆಯಂತೆ; ಜೀವಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಿನ ಕೊಬ್ಬಿನ ಅಂಶವೇ ಗಾರೆ. ಇಸಬಿನ ಪ್ರವೃತ್ತಿ ಉಳ್ಳವರಲ್ಲಿ ಆ ಗೋಡೆ ದುರ್ಬಲವಾಗಿರುತ್ತದೆ. ವಯಸ್ಸಾದಂತೆ ಎಲ್ಲರಲ್ಲಿಯೂ ಜಿಡ್ಡು ಕಡಿಮೆಯಾಗುತ್ತದೆ. ಮಾರ್ಗಶಿರ, ಪುಷ್ಯಗಳ ಒಣಗಾಳಿ ಚರ್ಮದ ನೀರನ್ನು ಹೀರುತ್ತದೆ. ಸುಡುನೀರು ಮತ್ತು ಸಾಬೂನು ಉಳಿದ ಗಾರೆಯನ್ನೂ ತೊಳೆದು ಹಾಕುತ್ತವೆ. ಗಾರೆ ಹೋದ ಗೋಡೆಗೆ ಕಹಿಯನ್ನು ಬಳಿದು ಫಲವೇನು?

ಸ್ನಾನ ಮಾಡಿಯೇ ಶಿವಪೂಜೆಗೆ ಕೂಡುವ ಸದ್ಭಕ್ತರಿಗೆ ಸ್ನಾನವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಅದರ ಅಗತ್ಯವೂ ಇಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷಗಳಲ್ಲಿ ಸ್ನಾನ ಮುಗಿಸಬೇಕು. ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಸಾಕು. ಮೈಯನ್ನು ಉಜ್ಜದೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಮೈಯಲ್ಲಿ ತೇವವಿರುವಾಗಲೇ, ಅಂದರೆ 3 ನಿಮಿಷಗಳೊಳಗೆ, ಜಿಡ್ಡನ್ನು ಹಚ್ಚಬೇಕು. ಪೂಜೆ, ಪ್ರಸಾದ ಮುಗಿದ ಮೇಲೆ ಹಚ್ಚಿದರಾಯಿತು ಎಂದುಕೊಂಡರೆ ಆ ತೇವ ಆರಿ ಹೋಗಿರುತ್ತದೆ. ಹಣೆ, ತೋಳುಗಳಲ್ಲಿ ಬಿರುಕುಗಳಿರುವವರು ಅವು ಮಾಯುವವರೆಗೆ ಅಷ್ಟು ಜಾಗವನ್ನು ಬಿಟ್ಟು ವಿಭೂತಿ ಧರಿಸುವುದು ಲೇಸು. ಭಸ್ಮಕ್ಕೆ ತೇವವನ್ನು ಹೀರುವ ಗುಣವುಂಟು.

ಯಾವ ಜಿಡ್ಡು ಎಂಬುದು ಮುಂದಿನ ಪ್ರಶ್ನೆ. ಶುದ್ಧವಾದ, ಸುಗಂಧ ಬೆರೆಸದ ಕೊಬ್ಬರಿ ಎಣ್ಣೆ ಉತ್ತಮ. ಹಸುವಿನ ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೀರಿನೊಡನೆ ನೂರು ಬಾರಿ ತಿಕ್ಕಿ ತೊಳೆದು ಬೆಣ್ಣೆಯಂತೆ ಬೆಳ್ಳಗಾಗಿಸಿದ ಶತಧೌತ ಘೃತವು ಸೀಳಿದ ಚರ್ಮಕ್ಕೆ ತಂಪನ್ನು ನೀಡುತ್ತದೆ. ಸ್ವಲ್ಪ ಸ್ವಲ್ಪವಾಗಿ ಮಾಡಿಕೊಂಡು ಬೇಗ ಬಳಸಬೇಕು. ಇವೆರಡೂ ದುಬಾರಿ ಎನ್ನುವವರು ಬಿಳಿಯ ಪೆಟ್ರೋಲಿಯಂ ಜೆಲ್ಲಿಯನ್ನು ಹಚ್ಚಲಿ. ಆಯುರ್ವೇದದವರಾಗಿ ಇದನ್ನು ಹೇಳುವಿರಾ ಎಂದು ಕೆಲವರು ಆಕ್ಷೇಪಿಸುತ್ತಾರೆ. ಹಚ್ಚಿದವರಿಗೆ ಹಿತವಾದುದನ್ನು ಪದ್ಧತಿಯ ಅಭಿಮಾನದಿಂದ ಮುಚ್ಚಿಡುವುದು ವೈದ್ಯಧರ್ಮವಲ್ಲ. ಪ್ರಮಾಣದಲ್ಲಿಯೂ ಜಿಪುಣತನ ಸಲ್ಲದು. ಮೈತುಂಬ ಒಣಗಿದವರಿಗೆ ವಾರಕ್ಕೆ ಕಾಲು ಕಿಲೋಗಿಂತ ಕಡಿಮೆಯಲ್ಲಿ ಸಾಲದು. ಒಂದು ಸಣ್ಣ ಟ್ಯೂಬನ್ನು ತಿಂಗಳುಗಟ್ಟಲೆ ತೀಡಿಕೊಂಡರೆ ಏನೂ ಆಗುವುದಿಲ್ಲ.

ಕಾಯಕದ ಕೈಗಳಿಗೆ ವಿಶೇಷ ಕಾಳಜಿ ಬೇಕು. ಚಳಿಗಾಲದಲ್ಲಿ ಕಡಲೆಯ ಕುಡಿ ಚಿವುಟುವ ಹೆಣ್ಣುಮಕ್ಕಳ ಬೆರಳುಗಳು ಬಿರಿಯುವುದು ಆ ಗಿಡದ ಮೇಲಿನ ಹುಳಿಯಿಂದ. ಪಾರ್ಥೇನಿಯಂ ಕಳೆ ಕೀಳುವವರಿಗೆ, ಸಿಮೆಂಟ್ ಕೆಲಸದವರಿಗೆ, ದಿನವಿಡೀ ಪಾತ್ರೆ ತೊಳೆಯುವವರಿಗೆ ಇದೇ ತೊಂದರೆ. ಇವರು ಕೆಲಸಕ್ಕೆ ಮೊದಲು ಕೈಗೆ ಹೊದಿಕೆ ತೊಡಬೇಕು, ಕೆಲಸ ಮುಗಿದೊಡನೆ ಕೈ ತೊಳೆದು ಜಿಡ್ಡು ಹಚ್ಚಬೇಕು. ಕಂಬಳಿ, ಉಣ್ಣೆಯ ಸ್ವೆಟರು ನೇರವಾಗಿ ಮೈಗೆ ತಾಗದಂತೆ ಒಳಗೆ ಹತ್ತಿಯ ಬಟ್ಟೆ ಇರಲಿ. ಇನ್ನು, ಬದನೆ ನಂಜು, ಶೇಂಗಾ ನಂಜು ಎಂದು ಬೆಳೆಯುವ ಮಕ್ಕಳ ಊಟವನ್ನು ಕಡಿತಗೊಳಿಸುವುದು ನಮಗೆ ಸಮ್ಮತವಲ್ಲ. ತಿಂದಾಗಲೆಲ್ಲ ರೋಗ ಕೆರಳಿಸುವುದು ಯಾವುದೆಂದು ಖಚಿತವಾದರೆ, ವೈದ್ಯರನ್ನು ಕೇಳಿ ಅದೊಂದನ್ನು ಬಿಟ್ಟರೆ ಸಾಕು.

ಅಂಗಡಿಯ ಟ್ಯೂಬಿನ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಅನೇಕವೇಳೆ ತೀಕ್ಷ್ಣವಾದ ಸ್ಟೀರಾಯ್ಡ್ ಇರುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರವು 2018ರಲ್ಲಿ ನಿಯಮ ಮಾಡಿತು; ಆದರೂ ಕೇಳಿದವರಿಗೆ ಸಿಗುತ್ತಿವೆ. ಚರ್ಮತಜ್ಞರು ಸರಿಯಾದ ಶಕ್ತಿಯದನ್ನು ನಿಗದಿತ ದಿನಗಳಿಗೆ ಕೊಟ್ಟಾಗ ಸ್ಟೀರಾಯ್ಡ್ ಉಪಯುಕ್ತ ಔಷಧ; ಕೆರಳಿದ ಇಸಬಿಗೆ ಅದು ಬೇಕೆಂದು ನಾವೇ ರೋಗಿಗಳನ್ನು ಅವರ ಬಳಿಗೆ ಕಳುಹಿಸುತ್ತೇವೆ. ಮನಬಂದಂತೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹುಳುಕಡ್ಡಿಯನ್ನು ಇಸಬೆಂದು ತಿಳಿದು ಹಚ್ಚಿದರಂತೂ ಅದು ಮೈತುಂಬ ಹರಡುತ್ತದೆ. ಹೆಸರು, ವಿವರಗಳಿಲ್ಲದ ಡಬ್ಬಿಯ 'ಗಿಡಮೂಲಿಕೆ ಮುಲಾಮು' ಎರಡೇ ದಿನಗಳಲ್ಲಿ ಪವಾಡ ಮಾಡಿದರೆ ಅದರಲ್ಲಿಯೂ ಇದೇ ಸ್ಟೀರಾಯ್ಡ್ ಬೆರೆತಿರಬಹುದೆಂದು ಸಂಶಯಿಸಬೇಕು. ಎಕ್ಕದ ಹಾಲು, ಕೇರೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಚರ್ಮವನ್ನು ಸುಡುತ್ತವೆ. ಗಿಡದಿಂದ ಬಂದುದೆಲ್ಲ ನಿರಪಾಯಕಾರಿ ಎಂದು ಆಯುರ್ವೇದ ಎಲ್ಲಿಯೂ ಹೇಳಿಲ್ಲ.

ಮನಸ್ಸಿಗೆ ನೋವು ತಂದ ಒಂದು ಸಂಗತಿಯನ್ನು ಹೇಳಲೇಬೇಕು. ಇಸಬಿನ ಕೈಗಳ ಯುವತಿಯೊಬ್ಬಳನ್ನು ಅವಳ ಮನೆಯವರೇ ಪಂಕ್ತಿಯಿಂದ ದೂರ ಕೂಡಿಸುತ್ತಿದ್ದರು. ಅವಳ ತಟ್ಟೆ, ಲೋಟ ಬೇರೆ. ಇಸಬು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಕೈಯಲ್ಲಿ ಕೀವು ಒಸರುವ ಗಾಯವಿದ್ದರೆ ಮಾಯುವವರೆಗೆ ಅಡುಗೆಗೆ ಕೈ ಹಾಕದಿರುವುದು ಸರಿ. ಅದಕ್ಕಿಂತ ಹೆಚ್ಚಿನ ದೂರ ರೋಗಿಗೆ ಕೊಡುವ ಇನ್ನೊಂದು ಗಾಯ. ಪಂಕ್ತಿಭೇದವನ್ನು ಒಪ್ಪದ ಶರಣರ ಮಕ್ಕಳು ನಾವು. ಚರ್ಮದ ಕಾರಣಕ್ಕೆ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು.

ಕೆಲವು ಲಕ್ಷಣಗಳು ಕಂಡಾಗ ಮನೆಯ ಉಪಚಾರ ಸಾಲದು. ಕೀವು, ಹಳದಿ ಹಕ್ಕಳೆ, ಜ್ವರ ಬಂದರೆ ಆ ದಿನವೇ ವೈದ್ಯರನ್ನು ಕಾಣಬೇಕು. ಇಸಬಿನ ಮೇಲೆ ನೋವುಳ್ಳ ಚಿಕ್ಕ ಚಿಕ್ಕ ಗುಳ್ಳೆಗಳು ಗುಂಪಾಗಿ ಎದ್ದು ಬೇಗ ಹರಡಿದರೆ, ಅಥವಾ ಕಣ್ಣಿನ ಸುತ್ತ ಕೆರಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮನೆಮಂದಿಗೆಲ್ಲ ರಾತ್ರಿ ತುರಿಕೆ, ಬೆರಳ ಸಂದಿನಲ್ಲಿ ಗುಳ್ಳೆಗಳಿದ್ದರೆ ಅದು ಕಜ್ಜಿ ಇದ್ದೀತು. ಅದು ಅಂಟುವ ರೋಗ, ಅದರ ಔಷಧವೇ ಬೇರೆ, ಮನೆಯವರೆಲ್ಲರೂ ಒಟ್ಟಿಗೆ ತೆಗೆದುಕೊಳ್ಳಬೇಕು.

ಆ ರೈತ ಹಿರಿಯರು ಮೂರು ವಾರಗಳ ತರುವಾಯ ಮತ್ತೆ ಬಂದರು. ಸುಡುನೀರು, ಲೇಪ, ಟ್ಯೂಬು ಮೂರನ್ನೂ ಬಿಟ್ಟು, ದಿನಕ್ಕೆರಡು ಬಾರಿ ಕೊಬ್ಬರಿ ಎಣ್ಣೆಯನ್ನಷ್ಟೇ ಹಚ್ಚಿದ್ದರು. ಸೀಳುಗಳು ಕೂಡಿದ್ದವು, ನಿದ್ರೆ ಬರುತ್ತಿತ್ತು. ಬೇಸಿಗೆ ಬಂದರೂ ಎಣ್ಣೆಯನ್ನು ಬಿಡಬೇಡಿರೆಂದು ಹೇಳಿ ಕಳುಹಿಸಿದೆವು. ನಿಮ್ಮ ಮನೆಯಲ್ಲಿಯೂ ಇಂತಹ ಕಾಲುಗಳುಳ್ಳ ತಂದೆತಾಯಿಗಳು ಇರಬಹುದು. ಇಂದು ಸ್ನಾನವಾದೊಡನೆ ಅವರ ಕಾಲಿಗೆ ನಿಮ್ಮ ಕೈಯಿಂದಲೇ ಎಣ್ಣೆ ಹಚ್ಚಿರಿ.