ಸ್ಫೋಟಕದ ಸುಳಿವು, ಶಂಕೆಯ ಪಟ್ಟಿ

2023ರ ಡಿಸೆಂಬರ್ 18ರಂದು ರಾಷ್ಟ್ರೀಯ ತನಿಖಾ ಸಂಸ್ಥೆಯು ನಾಲ್ಕು ರಾಜ್ಯಗಳಲ್ಲಿ ದಾಳಿ ನಡೆಸಿ ಎಂಟು ಮಂದಿಯನ್ನು ಬಂಧಿಸಿತು. ಗಂಧಕ, ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು ದೊರೆತವೆಂದು ಹೇಳಿತು. ಆ ಜಾಲಕ್ಕೆ 'ಬಳ್ಳಾರಿ ಮಾಡ್ಯೂಲ್' ಎಂಬ ಹೆಸರು ಬಿತ್ತು. ಆರೋಪ ಸಾಬೀತಾದರೆ ತಪ್ಪಿತಸ್ಥರಿಗೆ ಕಠಿಣ ಶಿಕ್ಷೆಯಾಗಲಿ. ಅಮಾಯಕರ ರಕ್ತಕ್ಕೆ ಸಂಚು ಹೂಡುವವನಿಗೆ ಇಸ್ಲಾಮಿನಲ್ಲಿ ಆಶ್ರಯವಿಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹೆತ್ತವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಸರಕಾರಿ ಸಂಸ್ಥೆಗಳ ನಡುವೆ ಹರಿಯುವ ಮಾಹಿತಿ ಯಾವುದು?

ಕಾರ್ಗಿಲ್ ಯುದ್ಧದ ಬಳಿಕ ಕೇಂದ್ರ ಗುಪ್ತಚರ ದಳದಡಿ ಬಹು ಸಂಸ್ಥೆಗಳ ಕೇಂದ್ರ ರೂಪುಗೊಂಡಿತು. ಮುಂಬೈ ದಾಳಿಯ ನಂತರ, 2008ರ ಡಿಸೆಂಬರ್ 31ರ ಆದೇಶದಿಂದ ಅದಕ್ಕೆ ಬಲ ಬಂತು. ಸೇನೆಯ ಗುಪ್ತಚರರೂ ನಾಗರಿಕ ಸಂಸ್ಥೆಗಳೂ ಒಂದೇ ಮೇಜಿನ ಸುತ್ತ ಕೂತು ಸುಳಿವು ಹಂಚಿಕೊಳ್ಳಬೇಕೆಂಬುದು ಉದ್ದೇಶ. ಮಾನೇಸರದಲ್ಲಿ ಎನ್‌ಎಸ್‌ಜಿಯ ರಾಷ್ಟ್ರೀಯ ಬಾಂಬ್ ದತ್ತಾಂಶ ಕೇಂದ್ರವೂ ಇದೆ. ಇದನ್ನು ನಾವು ವಿರೋಧಿಸುವುದಿಲ್ಲ. ಬಾಂಬು ಧರ್ಮ ಕೇಳಿ ಸಿಡಿಯುವುದಿಲ್ಲವಷ್ಟೇ!

ಹಾಗಿದ್ದರೆ 2021ರ ಜನವರಿ 21ರಂದು ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲುಗಣಿಗೆ ತಂದ ಸ್ಫೋಟಕ ಸಿಡಿದ ಮೂವತ್ತಮೂರೇ ದಿನಗಳಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಆರು ಜೀವಗಳನ್ನು ಬಲಿ ಪಡೆದದ್ದು ಹೇಗೆ? ಸಂಡೂರಿನ ಗಣಿಗಳ ನೆರೆಯಲ್ಲಿರುವ ನಮಗೆ ಇದು ದೂರದ ಮಾತಲ್ಲ.

ವಸ್ತುವಿನ ಲೆಕ್ಕ ತೆವಳುತ್ತದೆ. ಹೆಸರುಗಳ ಪಟ್ಟಿ ಹಾರುತ್ತದೆ. ನಿಷೇಧಿತ ಸಿಮಿಯ ನಂಟಿನ ಆರೋಪದ ಮೇಲೆ 2008ರಲ್ಲಿ ದಾಖಲಾದ ಹುಬ್ಬಳ್ಳಿ ಪ್ರಕರಣದ ಹದಿನೇಳು ಮಂದಿಯನ್ನು ನ್ಯಾಯಾಲಯ ಖುಲಾಸೆಗೊಳಿಸಿದ್ದು 2015ರಲ್ಲಿ. ಅವರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿದ್ದರು. ಏಳು ವರ್ಷ! ಬಂಧನದ ವೇಳೆ ಅವರ ಹೆಸರು ಸೇರಿದ ಕಡತಗಳಿಗೆಲ್ಲ ಖುಲಾಸೆಯ ತೀರ್ಪೂ ಸೇರಿತೇ? ಪಾಸ್‌ಪೋರ್ಟ್ ಪರಿಶೀಲನೆಗೆ ಮನೆಬಾಗಿಲಿಗೆ ಬರುವ ಪೇದೆಯ ಹಾಳೆಯಲ್ಲಿ ಆ ತೀರ್ಪಿಗೆ ಜಾಗವಿದೆಯೇ?

ಸುದ್ದಿ ತಂದವನನ್ನು ನಂಬುವ ಮೊದಲು ಪರಿಶೀಲಿಸಬೇಕೆಂಬುದು ಸೂರಃ ಅಲ್ ಹುಜುರಾತ್‌ನ ಪಾಠ. ಆ ಪಾಠವನ್ನು ಸರಕಾರಕ್ಕೆ ಒಪ್ಪಿಸಿ ನಾವು ನಿದ್ರಿಸುವಂತಿಲ್ಲ. ಮಗ ರಾತ್ರಿಯಿಡೀ ಮೊಬೈಲ್‌ನಲ್ಲಿ ಮುಖವಿಲ್ಲದ 'ಉಸ್ತಾದ'ನೊಬ್ಬನ ಪ್ರವಚನ ಕೇಳುತ್ತಿದ್ದರೆ ತಂದೆಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳಿಕೊಳ್ಳಲು ಜಾಗವಿಲ್ಲ. ಜಮಾಅತ್ ಸಮಿತಿಗಳಿಗೆ ಶಾದಿಮಹಲ್‌ನ ಬಾಡಿಗೆಯ ಚರ್ಚೆಯೇ ಮುಗಿದಿಲ್ಲ. ಠಾಣೆಗೆ ಸುಳಿವು ಕೊಟ್ಟವನನ್ನೇ ಒಳಗೆ ಹಾಕುತ್ತಾರೆಂಬ ಭಯವೂ ಇದೆ. ಅದು ಹುಬ್ಬಳ್ಳಿಯ ಆ ಏಳು ವರ್ಷಗಳು ಬಿತ್ತಿದ ಭಯ. ಅದನ್ನು ನೀಗಿಸಬೇಕೆಂಬ ಮನಸ್ಸಿದ್ದರೆ ದೆಹಲಿಯ ಆ ಮೇಜಿನ ಮೇಲೆ ಖುಲಾಸೆಯ ಆದೇಶಗಳೂ ಇರಲಿ. ಅವುಗಳ ಪ್ರತಿ ಹರಪನಹಳ್ಳಿಯ ಠಾಣೆಗೂ ಬರಲಿ.