ಕರೆಂಟ್ ಬಿಲ್ ಭಯಕ್ಕೆ ಫ್ಯಾನ್ ಆರಿಸುವ ಹಿರಿಯರು: ವಡೋದರಾದ ಆಲ್ಕಾಪುರಿಯಲ್ಲೊಂದು ಲೆಕ್ಕ, ಬೆಂಗಳೂರಿನಲ್ಲೊಂದು ಲೆಕ್ಕ

2024ರ ಮೇ ತಿಂಗಳಲ್ಲಿ ಗುಜರಾತಿನ ವಡೋದರಾದಲ್ಲಿ ಜನ ಬೀದಿಗಿಳಿದಿದ್ದು ಕರೆಂಟ್ ಮೀಟರ್ ವಿಷಯಕ್ಕೆ. ಮಧ್ಯ ಗುಜರಾತ್ ವಿಜ್ ಕಂಪನಿ (ಎಂಜಿವಿಸಿಎಲ್) ಮನೆಗಳಿಗೆ ಸ್ಮಾರ್ಟ್ ಪ್ರಿಪೇಯ್ಡ್ ಮೀಟರ್ ಹಾಕಲು ಶುರು ಮಾಡಿತ್ತು. ಮೊಬೈಲಿನಂತೆ ಮೊದಲು ರೀಚಾರ್ಜ್, ಆಮೇಲೆ ಕರೆಂಟ್. ಹಾಕಿದ ದುಡ್ಡು ಕೆಲವೇ ದಿನಗಳಲ್ಲಿ ಖಾಲಿಯಾಗುತ್ತಿದೆ, ಬಿಲ್ ದುಪ್ಪಟ್ಟಾಗಿದೆ ಎಂಬ ದೂರುಗಳು ಅಕೋಟಾ, ಸುಭಾನ್‌ಪುರಾ ಮುಂತಾದ ಬಡಾವಣೆಗಳಿಂದ ಬಂದವು. ಪ್ರತಿಭಟನೆ ಜೋರಾದ ಮೇಲೆ ಕಂಪನಿ ಕೆಲಸ ನಿಲ್ಲಿಸಿತು. ಹೊಸ ಮೀಟರ್ ಸರಿಯಿದೆಯೇ ಎಂದು ನೋಡಲು ಪಕ್ಕದಲ್ಲೇ ಚೆಕ್ ಮೀಟರ್ ಹಾಕುವುದಾಗಿ ಸರ್ಕಾರ ಹೇಳಬೇಕಾಯಿತು.

ಅಕೋಟಾಕ್ಕೆ ತಾಗಿಕೊಂಡೇ ಇರುವುದು ಆಲ್ಕಾಪುರಿ. ವಡೋದರಾ ರೈಲು ನಿಲ್ದಾಣದ ಪಶ್ಚಿಮಕ್ಕಿರುವ, ಹಳೆಯ ಬಂಗಲೆ ಮತ್ತು ಹೌಸಿಂಗ್ ಸೊಸೈಟಿಗಳ ಅನುಕೂಲಸ್ಥರ ಬಡಾವಣೆ. ಇಂಥ ಬಡಾವಣೆಗಳ ಕಥೆ ಜಯನಗರ, ಮಲ್ಲೇಶ್ವರದವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆ ದೊಡ್ಡದು, ಮಕ್ಕಳು ದೂರ, ಉಳಿದವರು ಇಬ್ಬರೇ. ಎರಡು ತಿಂಗಳಿಗೊಮ್ಮೆ ಬರುವ ಕಾಗದದ ಬಿಲ್ ನೋಡಿ ಖರ್ಚು ಹಿಡಿದಿಟ್ಟುಕೊಂಡವರಿಗೆ ಆ್ಯಪ್‌ನಲ್ಲಿ ದಿನದಿನವೂ ಕರಗುವ ಬ್ಯಾಲೆನ್ಸ್ ನೋಡುವುದೇ ಒಂದು ಆತಂಕ. ಮಗನೇ ಅಲ್ಲಿಂದ ಆನ್‌ಲೈನಿನಲ್ಲಿ ಬಿಲ್ ಕಟ್ಟುತ್ತಿದ್ದರೆ ಇವರಿಗೆ ಬಿಲ್ ಕಣ್ಣಿಗೇ ಬೀಳುವುದಿಲ್ಲ. ಎಷ್ಟು ಬಂತು ಎಂಬುದಷ್ಟೇ ಫೋನಿನಲ್ಲಿ ಗೊತ್ತಾಗುತ್ತದೆ, ಯಾಕೆ ಬಂತು ಎಂಬುದಲ್ಲ.

ಆ 'ಯಾಕೆ' ಗೊತ್ತಿಲ್ಲದಿದ್ದರೆ ಕೈ ಹೋಗುವುದು ಎದುರಿಗೆ ಕಾಣುವ ಸ್ವಿಚ್ಚಿಗೆ. ಫ್ಯಾನ್ ಆರಿಸುತ್ತಾರೆ, ಎಸಿ ಬೇಡ ಎನ್ನುತ್ತಾರೆ.

ಗುಜರಾತಿನ ಮೇ ತಿಂಗಳಲ್ಲಿ ಇದು ಪ್ರಾಣಕ್ಕೇ ಅಪಾಯ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನ ಉಷ್ಣಾಂಶ 46.8 ಡಿಗ್ರಿ ಮುಟ್ಟಿತ್ತು. ಆ ಒಂದೇ ತಿಂಗಳಲ್ಲಿ ಸಾಮಾನ್ಯಕ್ಕಿಂತ 1,344 ಹೆಚ್ಚು ಸಾವುಗಳಾದವು ಎಂದು ಸಂಶೋಧಕರು ನಂತರ ಲೆಕ್ಕ ಹಾಕಿದರು. 2013ರಲ್ಲಿ ಆ ನಗರ ಬಿಸಿಗಾಳಿ ಎದುರಿಸುವ ಕ್ರಿಯಾ ಯೋಜನೆ ರೂಪಿಸಿದ್ದು ಈ ಪೆಟ್ಟು ತಿಂದ ಮೇಲೆಯೇ. ಸೆಕೆಯನ್ನು ತಡೆದುಕೊಳ್ಳುವ ಶಕ್ತಿ ವಯಸ್ಸಾದ ದೇಹಕ್ಕೆ ಕಡಿಮೆ. ಹಾಗಾಗಿ ಹಿರಿಯರ ಬಿಲ್ ಉಳಿಸುವ ಯಾವ ಸಲಹೆಯೂ ಬೇಸಿಗೆಯ ಫ್ಯಾನಿನಿಂದ ಶುರುವಾಗಬಾರದು.

ಹಾಗಾದರೆ ಆ ಫ್ಯಾನ್, ಎಸಿಗೆ ನಿಜಕ್ಕೂ ಎಷ್ಟು ಖರ್ಚು? ಎಂಜಿವಿಸಿಎಲ್‌ನ ನಗರ ಗೃಹಬಳಕೆ ದರದಲ್ಲಿ ತಿಂಗಳ ಮೊದಲ 50 ಯೂನಿಟ್‌ಗೆ ತಲಾ ₹3.05, ಮುಂದಿನ 50ಕ್ಕೆ ₹3.50, ಆಮೇಲಿನ 150ಕ್ಕೆ ₹4.15, 250 ದಾಟಿದರೆ ₹5.20. ಇದರ ಮೇಲೆ ಇಂಧನ ಹೊಂದಾಣಿಕೆ ಶುಲ್ಕವಿದೆ. 2024ರ ಅಕ್ಟೋಬರ್‌ನಲ್ಲಿ ಅದನ್ನು ಯೂನಿಟ್‌ಗೆ ₹2.85ರಿಂದ ₹2.45ಕ್ಕೆ ಇಳಿಸಲಾಯಿತು. ಎಲ್ಲಕ್ಕೂ ಮೇಲೆ ಶೇ 15 ವಿದ್ಯುತ್ ತೆರಿಗೆ. ಆ ದರದಲ್ಲಿ ತಿಂಗಳಿಗೆ 250 ಯೂನಿಟ್ ಉರಿಸಿದ ಮನೆಯ ಕರೆಂಟಿನ ಬೆಲೆ ₹950 ಮಾತ್ರ. ಕಟ್ಟುವ ಮೊತ್ತ ₹1,800 ದಾಟುತ್ತದೆ.

ಆದರೆ ಈ ಬಿಲ್ಲಿನಲ್ಲಿ ಒಂದು ಸಮಾಧಾನವಿದೆ. 250 ದಾಟಿದ ಕೂಡಲೇ ಎಲ್ಲ ಯೂನಿಟ್‌ಗಳ ಬೆಲೆ ಏರುವುದಿಲ್ಲ, ದಾಟಿದ ಯೂನಿಟ್‌ಗಳದ್ದು ಮಾತ್ರ. ಎಲ್ಲ ಸೇರಿ ಅದು ಯೂನಿಟ್‌ಗೆ ₹9ಕ್ಕಿಂತ ಕಡಿಮೆ. ಕೋಣೆ ಚಿಕ್ಕದಿದ್ದು, ಇನ್ವರ್ಟರ್ ಎಸಿಯನ್ನು 26 ಡಿಗ್ರಿಗಿಟ್ಟು, ಜೊತೆಗೆ ಫ್ಯಾನ್ ಹಾಕಿಕೊಂಡು ಮಲಗಿದರೆ ರಾತ್ರಿಗೆ ಐದಾರು ಯೂನಿಟ್, ಅಂದರೆ ₹50ರ ಆಸುಪಾಸು. 46 ಡಿಗ್ರಿ ಸೆಕೆಯಲ್ಲಿ ಇದು ದುಬಾರಿಯೇನಲ್ಲ.

ಉಳಿತಾಯ ಇರುವುದು ಬೇರೆ ಕಡೆ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್. ದಿನಕ್ಕೆ 16 ಗಂಟೆ ತಿರುಗುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 21 ಯೂನಿಟ್ ಉಳಿಯುತ್ತದೆ, ವಡೋದರಾದ ದರದಲ್ಲಿ ₹160ರಷ್ಟು. ಮೂರು ಸಾವಿರದ ಆಸುಪಾಸಿನ ಫ್ಯಾನಿನ ಬೆಲೆ ಒಂದೂವರೆ ಎರಡು ವರ್ಷದಲ್ಲಿ ವಾಪಸ್. ಮಕ್ಕಳಿದ್ದಾಗ ಕೊಂಡ ದೊಡ್ಡ ಫ್ರಿಜ್ ಇಬ್ಬರ ಹಾಲು ಮೊಸರಿಗಾಗಿ ವರ್ಷವಿಡೀ ಓಡುವುದು, ಸ್ನಾನ ಮುಗಿದ ಮೇಲೂ ಗೀಸರ್ ಸ್ವಿಚ್ ಹಾಕಿಯೇ ಇರುವುದು ಇನ್ನೆರಡು ಸೋರಿಕೆ. ಗ್ಯಾಸ್ ಗೀಸರ್ ಅಗ್ಗವೆಂದು ಬದಲಿಸುವವರು ಒಂದು ವಿಷಯ ಮರೆಯಬಾರದು. ಗಾಳಿಯಾಡದ ಬಚ್ಚಲಲ್ಲಿ ಅದು ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವ ತೆಗೆಯಬಲ್ಲದು.

ಕರ್ನಾಟಕಕ್ಕೆ ಬಂದರೆ ಲೆಕ್ಕ ತಿರುವು ಪಡೆಯುತ್ತದೆ. 2023ರ ಜುಲೈನಿಂದ ಜಾರಿಯಾದ ಗೃಹಜ್ಯೋತಿಯಲ್ಲಿ, 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಪ್ರತಿ ಮನೆಯ ಉಚಿತ ಮಿತಿ ನಿಗದಿಯಾಯಿತು. 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಕೊಡಲು 2024ರ ಜನವರಿಯಲ್ಲಿ ಸಂಪುಟ ಒಪ್ಪಿತು. ಮಿತಿ ಮೀರಿದರೂ 200ರೊಳಗಿದ್ದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್. 2025ರ ಏಪ್ರಿಲ್‌ನ ದರದಲ್ಲಿ ಯೂನಿಟ್‌ಗೆ ₹5.80, ಪಿಂಚಣಿ ಬಾಬ್ತಿನ 36 ಪೈಸೆ, ಪ್ರತಿ ಕಿಲೋವ್ಯಾಟ್‌ಗೆ ₹145 ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿದರೆ 3 ಕಿಲೋವ್ಯಾಟ್ ಮಂಜೂರಾತಿಯ ಮನೆಗೆ 201ನೇ ಯೂನಿಟ್ ತರುವ ಬಿಲ್ ₹1,700 ದಾಟುತ್ತದೆ. ಆಲ್ಕಾಪುರಿಯ ಅಜ್ಜಿ ಮೇ ತಿಂಗಳಲ್ಲಿ ಹೆದರಬೇಕಿಲ್ಲ. ಕಲಬುರಗಿಯ ಅಜ್ಜಿಯ ಮೀಟರ್ 190ರಲ್ಲಿದ್ದರೆ ಅವರ ಹೆದರಿಕೆಗೆ ಅರ್ಥವಿದೆ. ಅತಿ ಹೆಚ್ಚು ಸೆಕೆಯ ತಿಂಗಳುಗಳಲ್ಲಾದರೂ ಹಿರಿಯರ ಮನೆಗಳಿಗೆ ಈ ಗೆರೆ ಸಡಿಲಿಸಬೇಕೆಂದು ಕೇಳುವುದು ನ್ಯಾಯವೇ.

200 ದಾಟುವ ಮನೆಗಳಲ್ಲಿ ಇನ್ನೊಂದು ದಾರಿ ಬಿಲ್ಲಿನ ಮೂಲೆಯಲ್ಲೇ ಇದೆ. ತುಂಬಿದ ಮನೆಗೆಂದು ಹಿಂದೆ ಪಡೆದ 5 ಕಿಲೋವ್ಯಾಟ್ ಮಂಜೂರಾತಿಗೆ 2025ರ ಏಪ್ರಿಲ್‌ನ ಆ ದರದಲ್ಲಿ ತಿಂಗಳಿಗೆ ₹725 ನಿಗದಿತ ಶುಲ್ಕವಾಗುತ್ತಿತ್ತು. ಇಬ್ಬರಿಗೆ 3 ಸಾಕು ಎಂದಾದರೆ ಲೋಡ್ ಇಳಿಸಲು ಅರ್ಜಿ ಹಾಕಬಹುದು, ಅದೇ ದರದಲ್ಲಿ ತಿಂಗಳಿಗೆ ₹290 ಉಳಿತಾಯ. ಗುಜರಾತಿನಲ್ಲಿ ನಿಗದಿತ ಶುಲ್ಕ ಬಹಳ ಕಡಿಮೆ, ಅಲ್ಲಿ ಈ ಉಪಾಯದಿಂದ ಹೇಳಿಕೊಳ್ಳುವ ಲಾಭವಿಲ್ಲ.

ಸೋಲಾರ್ ವಿಷಯದಲ್ಲಿ ಗುಜರಾತ್ ದೇಶಕ್ಕೇ ಮುಂದಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ 3 ಕಿಲೋವ್ಯಾಟ್‌ಗೆ ₹78,000 ಸಬ್ಸಿಡಿ ಕೊಡುತ್ತದೆ. ಸ್ವಂತ ತಾರಸಿ ಇರುವ ಬಂಗಲೆಗೆ ಸರಿ. ಫ್ಲ್ಯಾಟಿನವರಿಗೆ ತಾರಸಿ ತಮ್ಮದಲ್ಲ, 78ರ ಹರೆಯದವರಿಗೆ ಉಳಿದ ಹಣ ಕೈಯಿಂದ ಹಾಕುವ ಉತ್ಸಾಹವೂ ಕಡಿಮೆ.

ಇಷ್ಟೆಲ್ಲ ಲೆಕ್ಕವನ್ನು ಹಿರಿಯರಿಗೆ ಕೂತು ಹೇಳುವವರು ಯಾರು? ಗುಜರಾತಿನ ದರಪಟ್ಟಿಯಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ಪ್ರತ್ಯೇಕ ದರವಿದೆ, ವಯಸ್ಸಿಗೆ ಇಲ್ಲ. ಆದರೆ 2020ರ ಡಿಸೆಂಬರ್ 31ರಂದು ಕೇಂದ್ರ ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಒಂದು ಸ್ಪಷ್ಟ ಮಾತು ಹೇಳುತ್ತವೆ: ಅರ್ಜಿ ಸಲ್ಲಿಕೆ, ಬಿಲ್ ಪಾವತಿ ಸೇರಿದಂತೆ ಎಲ್ಲ ಸೇವೆಗಳನ್ನೂ ಹಿರಿಯ ನಾಗರಿಕರಿಗೆ ಮನೆ ಬಾಗಿಲಲ್ಲೇ ಒದಗಿಸಬೇಕು. ಮೀಟರ್ ಮೇಲೆ ಅನುಮಾನವಿದೆ ಎಂದು ದೂರು ಕೊಟ್ಟರೆ ಐದು ದಿನದೊಳಗೆ ಹೆಚ್ಚುವರಿ ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು ಎಂಬುದು 2024ರ ಫೆಬ್ರವರಿಯ ತಿದ್ದುಪಡಿ. ಅಂದರೆ ವಡೋದರಾದ ಜನ ಮೇ ತಿಂಗಳಲ್ಲಿ ಘೋಷಣೆ ಕೂಗಿ ಪಡೆದ ಚೆಕ್ ಮೀಟರ್, ಮೂರು ತಿಂಗಳ ಹಿಂದೆಯೇ ಅವರ ಹಕ್ಕಾಗಿತ್ತು.