ಹೊಸಪೇಟೆಯ ಚಪ್ಪಲಿ ವಿಡಿಯೋ: ಪ್ರಶ್ನೆಯೊಳಗೇ ಅಡಗಿದ್ದ ಆರೋಪ

2022ರ ಡಿಸೆಂಬರ್ 18ರಂದು ಹೊಸಪೇಟೆಯಲ್ಲಿ ‘ಕ್ರಾಂತಿ’ ಚಿತ್ರದ ಹಾಡು ಬಿಡುಗಡೆ ನಡೆದಿತ್ತು. ವೇದಿಕೆಯಲ್ಲಿದ್ದ ನಟ ದರ್ಶನ್ ಅವರತ್ತ ಗುಂಪಿನಿಂದ ಚಪ್ಪಲಿಯೊಂದು ತೂರಿ ಬಂತು. ಆ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಎಸೆದವರು ಯಾರ ಅಭಿಮಾನಿ ಎಂದು ಚಪ್ಪಲಿ ನೋಡಿ ಹೇಳಲಾಗದು. ಆದರೂ ಇದು ಪುನೀತ್ ರಾಜ್‌ಕುಮಾರ್ ಅಭಿಮಾನಿಗಳ ಕೆಲಸ ಎಂಬ ಮಾತು ಹರಡಿತು.

ಇಂಥದ್ದನ್ನು ಹರಡಲು ‘ಇವರೇ ಎಸೆದರು’ ಎಂದು ನೇರವಾಗಿ ಹೇಳಬೇಕಿಲ್ಲ. ‘ಚಪ್ಪಲಿ ಎಸೆದ ಅಪ್ಪು ಫ್ಯಾನ್ಸ್‌ಗೆ ನಾಚಿಕೆ ಆಗಲಿಲ್ವಾ?’ ಎಂಬಂಥ ಒಂದು ಪ್ರಶ್ನೆ ಸಾಕು. ‘ಆಯ್ತು’ ಎನ್ನಿ, ‘ಆಗಲಿಲ್ಲ’ ಎನ್ನಿ, ಎಸೆದವರು ಅವರೇ ಎಂದು ಒಪ್ಪಿದಂತಾಯಿತು. ಜಗಳವೆಲ್ಲ ನಾಚಿಕೆಯ ಸುತ್ತ. ಆರೋಪ ಮಾತ್ರ ‘ಎಸೆದ’ ಎಂಬ ಮೂರಕ್ಷರದಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಭಾಷಾವಿಜ್ಞಾನಿಗಳು ಇದನ್ನು ಪ್ರಿಸಪೊಸಿಷನ್, ಅಂದರೆ ಪೂರ್ವಕಲ್ಪನೆ ಎನ್ನುತ್ತಾರೆ. ‘ಮತ್ತೆ’, ‘ಇನ್ನೂ’ ಕೂಡ ಇದೇ ಜಾತಿಯವು. ‘ಮತ್ತೆ ಬಾಲ ಬಿಚ್ಚಿದರು’ ಎಂದರೆ ಹಿಂದೆಯೂ ಬಿಚ್ಚಿದ್ದರು ಎಂದಾಯಿತಲ್ಲ!

ಇದು ನೆನಪನ್ನೇ ತಿದ್ದಬಲ್ಲದು. ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಪಘಾತದ ವಿಡಿಯೋ ನೋಡಿದ ಕೆಲವರಿಗೆ ‘ಕೊಟ್ಟಿಗೆ ದಾಟುವಾಗ ಕಾರಿನ ವೇಗ ಎಷ್ಟಿತ್ತು?’ ಎಂದು ಕೇಳಲಾಯಿತು. ವಿಡಿಯೋದಲ್ಲಿ ಕೊಟ್ಟಿಗೆಯೇ ಇರಲಿಲ್ಲ. ವಾರದ ನಂತರ ಅವರಲ್ಲಿ ಶೇ 17ರಷ್ಟು ಮಂದಿ ಕೊಟ್ಟಿಗೆ ಕಂಡೆವು ಎಂದರು. ಕೊಟ್ಟಿಗೆಯ ಮಾತೆತ್ತದೆ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಹಾಗೆಂದವರು ಶೇ 3ಕ್ಕಿಂತ ಕಡಿಮೆ.

ಇಂಥ ಫಾರ್ವರ್ಡ್ ಬಂದಾಗ ನಾವು ವಾಕ್ಯವನ್ನು ಒಡೆದು ಓದುತ್ತೇವೆ. ‘ಚಪ್ಪಲಿ ಬಿತ್ತು.’ ಇದಕ್ಕೆ ವಿಡಿಯೋ ಇದೆ. ‘ಎಸೆದವರು ಇಂಥವರ ಅಭಿಮಾನಿಗಳು.’ ಇದಕ್ಕೆ ಏನಿದೆ? ಕಳಿಸಿದವರನ್ನೇ ಕೇಳಿ ನೋಡಿ.